ಗಂಡನ ಸಹಿಗೆ ಬಿಟ್ಟ ಜಾಗ

ಬಂಗನಪಲ್ಲಿ ಮಾವಿನ ಹಣ್ಣಿನ ವಾಸನೆ ಬಂದರೆ ನನಗೆ ಹೊಟ್ಟೆ ತೊಳಸುತ್ತದೆ. ಮೇ ತಿಂಗಳಲ್ಲಿ ಚೆನ್ನೈನಲ್ಲಿ ಕೂತು ಹೀಗೆ ಹೇಳುವವನನ್ನು ಯಾರೂ ನಂಬುವುದಿಲ್ಲ. ಆಫೀಸಿನಲ್ಲಿ ಯಾರಾದರೂ ಹೋಳು ಮಾಡಿ ಡಬ್ಬಿಯಲ್ಲಿ ತಂದು ಮುಂದೆ ಚಾಚಿದರೆ ಸಕ್ಕರೆ ಕಾಯಿಲೆ ಎಂದು ಸುಳ್ಳು ಹೇಳುತ್ತೇನೆ. ಸುಳ್ಳು ನನ್ನ ಬಾಯಿಗೆ ಸಲೀಸಾಗಿ ಬರುತ್ತದೆ. ಅದು ಎಷ್ಟು ಸಲೀಸು ಎಂದು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಹೋದ ವಾರ ಕ್ರೋಂಪೇಟೆ ಸ್ಟೇಷನ್ನಿನ ಹೊರಗೆ ತಳ್ಳುಗಾಡಿಯ ತುಂಬ ಅದೇ ಹಣ್ಣು ಪೇರಿಸಿದ್ದರು. ನಾನೂ ನನ್ನ ಹೆಂಡತಿ ಶೈಲಜಾಳೂ ಅಲ್ಲಿಂದ ಎರಡು ಬೀದಿ ಆಚೆ ಇರುವ ಹೆರಿಗೆ ಕ್ಲಿನಿಕ್ಕಿಗೆ ಹೊರಟಿದ್ದೆವು. ನಾನು ಕರ್ಚೀಫು ಮೂಗಿಗೆ ಹಿಡಿದೆ. ಅವಳು ನೋಡಿದಳು, ಗಾಡಿಯ ಪಕ್ಕದಿಂದಲೇ ನಡೆದು ಹೋದಳು. ನಾಲ್ಕು ವರ್ಷದ ಹಿಂದಿನ ಬೇಸಗೆ ಮತ್ತೆ ನನ್ನ ಬೆನ್ನು ಹತ್ತಿತು.

ಆ ವರ್ಷದ ಕತ್ತರಿ ಬಿಸಿಲು ಕೆಟ್ಟದಾಗಿತ್ತು. ಕತ್ತರಿ ಎಂದರೆ ಇಲ್ಲಿಯವರು ಅಗ್ನಿ ನಕ್ಷತ್ರ ಎನ್ನುವ ಮೇ ತಿಂಗಳ ಮೂರೂವರೆ ವಾರ. ವೇಲಚೇರಿಯ ನಮ್ಮ ಫ್ಲಾಟು ಮೂರನೆಯ ಮಹಡಿಯಲ್ಲಿ, ಪಡುವಣಕ್ಕೆ ಮುಖ. ಮಧ್ಯಾಹ್ನದ ಮೇಲೆ ಗೋಡೆ ಮುಟ್ಟಿದರೆ ಕೈ ಚುರುಕ್ಕೆನ್ನುತ್ತಿತ್ತು. ನಲ್ಲಿಯಲ್ಲಿ ಬರುವ ನೀರು ಕುದಿಸಿಟ್ಟ ಹಾಗೆ. ಶೈಲಜಾ ಆಗ ಎರಡನೆಯ ಬಸುರಿ, ಆರು ತಿಂಗಳು ಮುಟ್ಟುತ್ತಿತ್ತು. ಮಗಳು ಮಾಧವಿಗೆ ಎರಡೂವರೆ ವರ್ಷ. ಕನ್ನಡದಲ್ಲಿ ಕರೆದರೆ ತಮಿಳಿನಲ್ಲಿ ಓಗೊಡುತ್ತಿದ್ದಳು. ನಮ್ಮ ಜೊತೆಯಲ್ಲೇ ಇರುವ ಅಮ್ಮ ಎರಡು ಡಜನ್ ಕಾಯಿ ಮಾವು ಕೊಂಡು, ಒಂದೊಂದನ್ನೂ ಪೇಪರಿನಲ್ಲಿ ಸುತ್ತಿ, ಬೀರುವಿನ ಮೇಲಿನ ಅಟ್ಟದಲ್ಲಿ ಹಣ್ಣಾಗಲು ಇಟ್ಟಿದ್ದರು. ಬಸುರಿಗೆ ಆಸೆಯಾದಾಗ ಹಣ್ಣು ಸಿಗಲಿ ಎಂದು ಇಟ್ಟದ್ದು, ಅದರಲ್ಲಿ ಕಪಟವೇನೂ ಇರಲಿಲ್ಲ.

ಕಪಟವಿದ್ದದ್ದು ಬೀರುವಿನ ಒಳಗೆ. ಮಾಧವಿಯ ಜಾತಕವನ್ನು ಅರಿಸಿನ ಹಚ್ಚಿದ ಬಟ್ಟೆಯಲ್ಲಿ ಸುತ್ತಿ ಮೇಲಿನ ಅರೆಯಲ್ಲಿ ಇಟ್ಟಿದ್ದೆವು. ಅದರ ಅಡಿಯಲ್ಲಿ, ಮನೆಯ ಪತ್ರಗಳ ಕವರಿನೊಳಗೆ, ಮಾಧವಿ ಹುಟ್ಟಿದ ಆಸ್ಪತ್ರೆಯ ಡಿಸ್‌ಚಾರ್ಜ್ ಸಮರಿ ಇತ್ತು. ಮೂರು ಹಾಳೆ. ಎರಡನೆಯ ಹಾಳೆಯ ಒಂದು ಸಾಲನ್ನು ಶೈಲಜಾ ಓದಬಾರದೆಂದು ನಾನೇ ಅದನ್ನು ಅಲ್ಲಿ ಮುಚ್ಚಿಟ್ಟಿದ್ದೆ.

ಆ ಸಾಲು ಹುಟ್ಟಿದ ದಿನದ ಕತೆ ಹೇಳಬೇಕು. ಮೊದಲ ಹೆರಿಗೆಗೆ ಶೈಲಜಾಳಿಗೆ ಬೆಳಗಿನಿಂದ ನೋವು ಬಂದಿತ್ತು. ಮಧ್ಯಾಹ್ನ ಎರಡೂವರೆಗೆ ಡಾಕ್ಟರು ಹೊರಗೆ ಬಂದು, ಗರ್ಭದ ಬಾಯಿ ಪೂರ್ತಿ ತೆರೆದಿದೆ, ಮಗುವಿನ ತಲೆ ಓರೆಯಾಗಿ ಸಿಕ್ಕಿಕೊಂಡಿದೆ, ಇನ್ನು ಕಾಯುವುದರಲ್ಲಿ ಅರ್ಥವಿಲ್ಲ, ಆಪರೇಷನ್ ಮಾಡಿಬಿಡೋಣ ಎಂದರು. ನರ್ಸು ಒಪ್ಪಿಗೆಯ ಕಾಗದ ತಂದು ಕೊಟ್ಟಳು. ಶೈಲಜಾಳ ಸಹಿ ಆಗಲೇ ಇತ್ತು. ನೋವಿನಲ್ಲಿ ಹಾಕಿದ್ದು, ಗೆರೆ ಬಿಟ್ಟು ಕೆಳಕ್ಕೆ ಜಾರಿತ್ತು. ಅದರ ಕೆಳಗೆ ಗಂಡನ ಸಹಿಗೆ ಜಾಗ. ಹೆತ್ತುಕೊಳ್ಳುವವಳ ಸಹಿ ಸಾಲದು, ಗಂಡನದೂ ಬೇಕು ಎನ್ನುವುದು ಆ ಆಸ್ಪತ್ರೆಯ ರೀತಿ. ನಾನು ಪೆನ್ನು ತೆಗೆದೆ. ಅಮ್ಮ ನನ್ನ ಮಣಿಕಟ್ಟು ಹಿಡಿದುಕೊಂಡರು.

"ಕೊಂಚ ಇರು ರಘು. ಅಣ್ಣನ್ನ ಕೇಳಿಬಿಟ್ಟು ಆಮೇಲೆ ಕೈಯೆಳುತ್ತು ಹಾಕು" ಎಂದರು. ಮೂರು ತಲೆಮಾರಿನಿಂದ ಮದರಾಸಿನಲ್ಲಿರುವ ನಮ್ಮ ಮನೆಯಲ್ಲಿ ಸಹಿಗೆ ಕೈಯೆಳುತ್ತು ಎಂದೇ ಹೇಳುವುದು.

ಅಣ್ಣ ಎಂದರೆ ಕೋಡಂಬಾಕ್ಕಂನಲ್ಲಿರುವ ನನ್ನ ಸೋದರಮಾವ. ಹಳೆಯ ಕಾಲದಲ್ಲಿ ಅಲ್ಲಿನ ಒಂದು ಸ್ಟುಡಿಯೋದ ಎಡಿಟಿಂಗ್ ಕೋಣೆಯಲ್ಲಿ ದುಡಿದವರು. ನಿಮಿಷ ಸೆಕೆಂಡುಗಳ ಹುಚ್ಚು ಅಲ್ಲಿಂದ ಅಂಟಿದ್ದು, ನಿವೃತ್ತಿಯ ಮೇಲೆ ಅದು ಪಂಚಾಂಗಕ್ಕೆ ತಿರುಗಿತು. ಅವರು ಫೋನಿನಲ್ಲಿ ಪುಟ ಮಗುಚುವ ಸದ್ದು ನನಗೆ ಕೇಳಿಸಿತು. ನಾಲ್ಕು ಮೂವತ್ತೆಂಟರವರೆಗೆ ಆಶ್ಲೇಷಾ, ಆಮೇಲೆ ಮಘಾ ಎಂದರು. ಆಶ್ಲೇಷಾದಲ್ಲಿ ಹೆಣ್ಣು ಹುಟ್ಟಿದರೆ ಅವಳ ಅತ್ತೆಗೆ ಆಗುವುದಿಲ್ಲವಂತೆ, ಮಘಾದವಳು ಜಗತ್ತನ್ನೇ ಆಳುತ್ತಾಳಂತೆ. ಒಳಗಿರುವುದು ಹೆಣ್ಣೋ ಗಂಡೋ ಯಾರಿಗೂ ಗೊತ್ತಿಲ್ಲ. ಎಲ್ಲಿದ್ದಾಳೋ ಯಾರೋ ಗೊತ್ತಿಲ್ಲದ, ಇನ್ನು ಇಪ್ಪತ್ತೈದು ವರ್ಷಕ್ಕೆ ಸಿಗಬಹುದಾದ ಒಬ್ಬ ಅತ್ತೆಯ ಆಯುಸ್ಸಿಗಾಗಿ ನನ್ನ ಹೆಂಡತಿಯನ್ನು ಹೆರಿಗೆಯ ಮೇಜಿನ ಮೇಲೆ ಕಾಯಿಸಿದೆವು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಎನ್ನುತ್ತಾರೆ. ನಾವು ಕೂಸು ಹುಟ್ಟುವ ಮುಂಚೆ ಅದರ ಅತ್ತೆಯ ಯೋಗಕ್ಷೇಮ ವಿಚಾರಿಸಿದವರು.

ಅಮ್ಮನನ್ನು ಬೈದು ಮುಗಿಸಿಬಿಡಬಹುದಿತ್ತು, ಹಾಗೆ ಮಾಡಿದರೆ ಇನ್ನೊಂದು ಸುಳ್ಳಾಗುತ್ತದೆ. ಅಮ್ಮನದು ಆಶ್ಲೇಷಾ. ಅವರು ಮದುವೆಯಾಗಿ ಬಂದ ವರ್ಷವೇ ನನ್ನ ಅಜ್ಜಿ ತೀರಿಕೊಂಡರು. ಆಮೇಲೆ ನಮ್ಮ ಬಳಗದ ಯಾವ ಸಮಾರಂಭದಲ್ಲೂ ಅಮ್ಮನನ್ನು ಮುಂದಿನ ಸಾಲಿನಲ್ಲಿ ನಿಲ್ಲಿಸಿದ್ದನ್ನು ನಾನು ಕಂಡಿಲ್ಲ. ಆವತ್ತು ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಅವರು, "ನಾನು ಕೇಳಿದ ಮಾತು ಒಳಗಿರೋ ಮಗು ಕೇಳಬಾರದು ಕಣೋ, ಎರಡು ಗಂಟೆ ತಾನೆ" ಎಂದರು. ಅವರದು ಭಯ, ನನಗೆ ಅರ್ಥವಾಗುತ್ತದೆ. ನನ್ನದು ಏನು ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ನಂಬಿಕೆಯಲ್ಲ, ನಾನು ಪಂಚಾಂಗ ನೋಡುವವನಲ್ಲ. ಅಮ್ಮನಿಗೆ ಇಲ್ಲ ಎನ್ನುವ ಕಷ್ಟಕ್ಕಿಂತ ಶೈಲಜಾಳ ಕೂಗು ಕೇಳುತ್ತಾ ಕೂರುವುದು ಸುಲಭವೆನಿಸಿತು, ಅಷ್ಟೇ. ಇದನ್ನು ಬರೆಯುವಾಗ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ನರ್ಸು ಮೂರು ಸಲ ಬಂದು ಹೋದಳು. ನಾಲ್ಕನೆಯ ಸಲ ಡಾಕ್ಟರೇ ಬಂದು, ಸಹಿ ಹಾಕುತ್ತೀರೋ ಇಲ್ಲವೋ ಹೇಳಿ, ಬರೆದುಕೊಳ್ಳುತ್ತೇನೆ ಎಂದರು. ನಾಲ್ಕು ನಲವತ್ತಕ್ಕೆ ಸಹಿ ಹಾಕಿದೆ. ಐದು ದಾಟಿದ ಮೇಲೆ ಮಾಧವಿ ಹುಟ್ಟಿದಳು, ಗಟ್ಟಿಯಾಗಿ ಅತ್ತಳು, ಎಲ್ಲರೂ ಸಿಹಿ ಹಂಚಿದೆವು. ಆಪರೇಷನ್ನಿಗೆ ಯಾಕೆ ಅಷ್ಟು ತಡವಾಯಿತು ಎಂದು ಮರುದಿನ ಶೈಲಜಾ ಕೇಳಿದಾಗ, ಥಿಯೇಟರ್ ಖಾಲಿ ಇರಲಿಲ್ಲ ಎಂದೆ. ಅಮ್ಮ ನೆಂಟರಿಗೆಲ್ಲ, ಮೊದಲೇ ಗಳಿಗೆ ಗೊತ್ತುಮಾಡಿ ಮಾಡಿಸಿದ ಆಪರೇಷನ್ ಎಂದು ಹೇಳಿಕೊಂಡು ಬಂದರು. ಡಾಕ್ಟರು ಮಾತ್ರ ಹೇಳಿದಂತೆಯೇ ಬರೆದುಕೊಂಡಿದ್ದರು. ಬಾಯಿ ಪೂರ್ತಿ ತೆರೆದ ಮೇಲೆ ಸಂಬಂಧಿಕರು ಒಪ್ಪಿಗೆ ಕೊಡಲು ಎರಡು ಗಂಟೆ ಹತ್ತು ನಿಮಿಷ ತಡಮಾಡಿದರು ಎಂದು ಇಂಗ್ಲಿಷಿನಲ್ಲಿ ಒಂದು ಸಾಲು.

ಇದಕ್ಕೊಂದು ಬಾಲವಿದೆ. ಜಾತಕ ಬರೆಸುವಾಗ ನಂಜನಗೂಡಿನಿಂದ ಮಾವನವರು, ಎಂದರೆ ಶೈಲಜಾಳ ತಂದೆ, ತಮ್ಮ ಕಡೆಯ ಪಂಚಾಂಗದ ಪುಟದ ಫೋಟೊ ಕಳಿಸಿದರು. ನಮ್ಮ ಸೋದರಮಾವ ನೋಡಿದ್ದು ಇಲ್ಲಿಯ ಹಳಬರು ಬಳಸುವ ವಾಕ್ಯ ಪಂಚಾಂಗ, ಅವರದು ದೃಗ್ಗಣಿತದ್ದು. ಎರಡರಲ್ಲಿ ನಕ್ಷತ್ರ ಮುಗಿಯುವ ಹೊತ್ತು ಬೇರೆ ಬೇರೆ. ಮಾವನವರ ಪುಟದ ಪ್ರಕಾರ ಆವತ್ತು ಆಶ್ಲೇಷಾ ಮುಗಿದದ್ದು ಮಧ್ಯಾಹ್ನ ಎರಡು ಹತ್ತಕ್ಕೆ. ನರ್ಸು ಕಾಗದ ತಂದು ಕೊಡುವ ಮೊದಲೇ ಮಘಾ ಬಂದಿತ್ತು. ಸೋದರಮಾವನಿಗೆ ತೋರಿಸಿದೆ. ಅವರು ಕನ್ನಡಕ ಏರಿಸಿ, "ಅವರ ಲೆಕ್ಕದಲ್ಲೂ ಸರಿಹೋಯ್ತು, ನಮ್ಮ ಲೆಕ್ಕದಲ್ಲೂ ಸರಿಹೋಯ್ತು, ಡಬಲ್ ವಿಶೇಷಂ" ಎಂದು ಸಂತೋಷಪಟ್ಟರು. ನಾನೂ ನಕ್ಕೆ.

ಇನ್ನು ನನ್ನ ಕೆಲಸದ ಬಗ್ಗೆ ಹೇಳದಿದ್ದರೆ ನನ್ನ ಹೊಲಸು ಪೂರ್ತಿ ಕಾಣುವುದಿಲ್ಲ. ನಾನು ಆರೋಗ್ಯ ವಿಮೆಯ ಕಂಪನಿಯೊಂದರಲ್ಲಿ ಕ್ಲೇಮು ಪರಿಶೀಲಿಸುವವನು. ಬೆಳಗಿನಿಂದ ಸಂಜೆವರೆಗೆ ಊರವರ ಡಿಸ್‌ಚಾರ್ಜ್ ಸಮರಿ ಓದುವುದೇ ನನ್ನ ಅನ್ನ. ಯಾರಾದರೂ ಹಿಂದಿನ ಕಾಯಿಲೆ ಬರೆಯದೆ ಬಿಟ್ಟಿದ್ದರೆ ಎರಡನೆಯ ಓದಿಗೇ ನನಗೆ ಸಿಕ್ಕಿಬೀಳುತ್ತದೆ. ಅಂಥವರ ಕಡತದ ಮೇಲೆ "ಪೂರ್ವಚರಿತ್ರೆ ಮುಚ್ಚಿಟ್ಟಿದ್ದಾರೆ" ಎಂದು ಬರೆದು ವಾಪಸು ಕಳಿಸುತ್ತೇನೆ. ಆ ಮಾತನ್ನು ಎಷ್ಟು ಸಾವಿರ ಸಲ ಬರೆದಿದ್ದೇನೋ.

ಎರಡನೆಯ ಬಸುರಿಗೆ ಬೇರೆ ಆಸ್ಪತ್ರೆಗೆ ಹೋದೆವು, ವೇಲಚೇರಿಗೇ ಹತ್ತಿರ. ಮೊದಲ ದಿನ ಶೈಲಜಾಳ ತೂಕ ನೋಡಲು ಒಳಗೆ ಕರೆದಾಗ ಕೌಂಟರಿನವಳು ಫಾರಂ ನನ್ನ ಕೈಗೆ ಕೊಟ್ಟಳು. ಹಿಂದಿನ ಹೆರಿಗೆ ಹೇಗಾಯಿತು ಎಂಬಲ್ಲಿ ಎರಡು ಚೌಕ: ಮೊದಲೇ ನಿಗದಿಯಾದ ಆಪರೇಷನ್, ಅಥವಾ ನೋವು ಬಂದ ಮೇಲೆ ಮಾಡಿದ ತುರ್ತು ಆಪರೇಷನ್. ತುರ್ತು ಎಂದರೆ ಯಾಕೆ, ಯಾವಾಗ ಎಂದು ಕೆಳಗೆ ಬರೆಯಬೇಕು. ನಾನು ಮೊದಲನೆಯ ಚೌಕಕ್ಕೆ ಟಿಕ್ ಹಾಕಿದೆ. ಡಾಕ್ಟರಮ್ಮ ಫಾರಂ ಓದುತ್ತಾ, ಮೊದಲನೆಯದು ಪ್ಲಾನ್ ಮಾಡಿದ್ದಲ್ಲವೇ ಎಂದು ಕೇಳಿದರು. ಶೈಲಜಾ ಬಾಯಿ ತೆರೆಯುವಷ್ಟರಲ್ಲಿ ನಾನು ಹೌದೆಂದು ತಲೆಯಾಡಿಸಿ, "ಆಮಾ ಡಾಕ್ಟರ್" ಎಂದುಬಿಟ್ಟೆ. ಹಳೆಯ ಸಮರಿ ತನ್ನಿ ಎಂದರು. ಮನೆ ಬದಲಾಯಿಸಿದಾಗ ಎಲ್ಲೋ ಸೇರಿಕೊಂಡಿದೆ, ಹುಡುಕಿ ತರುತ್ತೇನೆ ಎಂದೆ. ಆಮೇಲಿನ ಪ್ರತಿ ಭೇಟಿಯಲ್ಲೂ ಅದನ್ನೇ ಅಂದೆ.

ಮೊದಲ ದಿನ ಆಟೋದಲ್ಲಿ ಬರುವಾಗ ಶೈಲಜಾ ಕೇಳಿದ್ದಳು. "ಪ್ಲಾನ್ ಅಂದ್ರಲ್ಲ, ಯಾಕ್ರೀ? ನೋವು ತಿಂದಮೇಲೆ ತಾನೇ ಮಾಡಿದ್ದು."

"ಕತ್ತರಿ ಹಾಕಿದಮೇಲೆ ಎಲ್ಲ ಒಂದೇ. ಅದನ್ನೆಲ್ಲ ಹೇಳ್ತಾ ಕೂತರೆ ಇನ್ನಷ್ಟು ಟೆಸ್ಟ್ ಬರೀತಾರೆ" ಎಂದೆ. ಎಲ್ಲ ಒಂದೇ ಅಲ್ಲ ಎನ್ನುವುದು ನನಗೆ ಆಗ ಗೊತ್ತಿರಲಿಲ್ಲ, ಇದು ನಿಜ. ಗೊತ್ತಿಲ್ಲದವನು ಬಾಯಿ ಮುಚ್ಚಿಕೊಂಡು ಹಾಳೆ ಕೊಡಬಹುದಿತ್ತು, ಇದೂ ನಿಜ.

ಕತ್ತರಿ ಶುರುವಾದ ಎರಡನೆಯ ವಾರ ಶೈಲಜಾಳಿಗೆ ಸೊಂಟ ಸೆಳೆಯತೊಡಗಿತು. ಕೆಳಹೊಟ್ಟೆ ಭಾರ, ಏನೋ ಜಗ್ಗಿದ ಹಾಗೆ ಎನ್ನುತ್ತಿದ್ದಳು. ಅಮ್ಮ ಉಷ್ಣ ಎಂದರು. ಎಳನೀರು, ಮಜ್ಜಿಗೆ, ಮೆಂತ್ಯ ನೆನೆಸಿದ ನೀರು ಕೊಟ್ಟರು. ನಾನೂ ಉಷ್ಣ ಎಂದೆ. ಇಡೀ ಊರೇ ಬೇಯುತ್ತಿದ್ದಾಗ ಯಾರಿಗೆ ತಾನೆ ಉಷ್ಣವಿರಲಿಲ್ಲ. ಐದನೆಯ ದಿನ ಬೆಳಿಗ್ಗೆ ಹನ್ನೊಂದು ಗಂಟೆಗೆ ಮಾಧವಿಗೆ ಅನ್ನ ಕಲಸುತ್ತಿದ್ದವಳಿಗೆ ನೀರು ಹೋಯಿತು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಕೈಮೀರಿತ್ತು. ಆಪರೇಷನ್ನಿನ ಮಾತೇ ಬರಲಿಲ್ಲ, ಸಹಿ ಕೇಳಲು ಯಾರೂ ಹೊರಗೆ ಬರಲಿಲ್ಲ. ಇಪ್ಪತ್ತಾರು ವಾರಕ್ಕೆ ಮಗು ತಾನಾಗಿಯೇ ಜಾರಿ ಬಂತು. ಗಂಡು.

ಗಾಜಿನ ಪೆಟ್ಟಿಗೆಯಲ್ಲಿ ಮಲಗಿಸಿದ್ದರು. ಚರ್ಮದ ಕೆಳಗೆ ನರಗಳು ಕಾಣುತ್ತಿದ್ದವು. ಕಾಲಿಗೆ ಕಟ್ಟಿದ ಪಟ್ಟಿಯ ಮೇಲೆ "ಬೇಬಿ ಆಫ್ ಶೈಲಜಾ" ಎಂದಿತ್ತು, ಆ ಪಟ್ಟಿಯೇ ಅವನ ಕಾಲಿಗೆ ದೊಡ್ಡದಾಗಿತ್ತು. ಶೈಲಜಾ ದಿನಕ್ಕೆ ಮೂರು ಸಲ ಕೈ ತೊಳೆದುಕೊಂಡು ಒಳಗೆ ಹೋಗಿ, ಪೆಟ್ಟಿಗೆಯ ರಂಧ್ರದಲ್ಲಿ ಒಂದು ಬೆರಳು ತೂರಿಸಿ ನಿಲ್ಲುತ್ತಿದ್ದಳು. ಮಗು ಆ ಬೆರಳನ್ನು ಹಿಡಿಯುತ್ತಿತ್ತು. ಎರಡನೆಯ ದಿನ ಸೋದರಮಾವ ಫೋನು ಮಾಡಿ, ಹುಟ್ಟಿದ್ದು ಎಷ್ಟು ಗಂಟೆ ಎಷ್ಟು ನಿಮಿಷ ಎಂದು ಕೇಳಿದರು. ನಾನು ಫೋನು ಕಟ್ ಮಾಡಿದೆ. ಆ ಮನುಷ್ಯನ ಮೇಲೆ ಅಸಹ್ಯ ಹುಟ್ಟಿತು. ಎರಡು ವರ್ಷದ ಹಿಂದೆ ಅವರ ಜೊತೆ ನಕ್ಕವನು ನಾನೇ ಎಂದು ನೆನಪಾಗಿ ಅದು ನನ್ನ ಕಡೆಗೇ ತಿರುಗಿತು.

ನಾಲ್ಕನೆಯ ದಿನ ಡಾಕ್ಟರಮ್ಮ ನನ್ನನ್ನು ಕರೆದು, ಈಗಲಾದರೂ ಆ ಸಮರಿ ತನ್ನಿ, ನನಗೆ ಏನೋ ಹೊಂದುತ್ತಿಲ್ಲ ಎಂದರು. ಮನೆಗೆ ಹೋದೆ. ಅಮ್ಮ ಮಾಧವಿಯನ್ನು ಕರೆದುಕೊಂಡು ಕೋಡಂಬಾಕ್ಕಂಗೆ ಹೋಗಿದ್ದರು, ಫ್ಲಾಟು ನಾಲ್ಕು ದಿನದಿಂದ ಮುಚ್ಚಿತ್ತು. ಬಾಗಿಲು ತೆಗೆದ ಕೂಡಲೇ ವಾಸನೆ ಮುಖಕ್ಕೆ ಬಡಿಯಿತು. ಅಟ್ಟದ ಮೇಲೆ ಎರಡು ಡಜನ್ ಮಾವು ಆ ಸೆಕೆಯಲ್ಲಿ ಹಣ್ಣಾಗಿ, ಕೊಳೆತು, ಪೇಪರು ನೆನೆದು, ರಸ ಬೀರುವಿನ ಬಾಗಿಲ ಮೇಲೆ ಇಳಿದಿತ್ತು. ಅದರ ತುಂಬ ನೊಣ. ಅಂಟುವ ಹಿಡಿಯನ್ನು ಹಿಡಿದು ಬೀರು ತೆರೆದೆ, ಜಾತಕ ಪಕ್ಕಕ್ಕೆ ಸರಿಸಿ ಹಾಳೆ ತೆಗೆದೆ. ಎರಡನೆಯ ಹಾಳೆಯನ್ನು ಹರಿದು ಹಾಕಿ ಉಳಿದೆರಡನ್ನು ಕೊಟ್ಟರೆ ಹೇಗೆ ಎಂದು ಆಗಲೂ ಯೋಚಿಸಿದೆ. ಮಗು ಗಾಜಿನ ಪೆಟ್ಟಿಗೆಯಲ್ಲಿದ್ದಾಗ, ನೊಣಗಳ ನಡುವೆ ನಿಂತು, ಹಾಗೆ ಯೋಚಿಸಿದೆ. ಆಮೇಲೆ ಅಡುಗೆಮನೆಯ ಸಿಂಕಿಗೆ ಬಗ್ಗಿ ವಾಂತಿ ಮಾಡಿಕೊಂಡೆ.

ಮೂರೂ ಹಾಳೆ ತಂದು ಕೊಟ್ಟೆ. ಡಾಕ್ಟರಮ್ಮನ ಕೋಣೆಯಲ್ಲಿ ಶೈಲಜಾಳೂ ಇದ್ದಳು. ಅವರು ಎರಡನೆಯ ಹಾಳೆಗೆ ಬಂದು ನಿಂತರು, ನನ್ನ ಮುಖ ನೋಡಿದರು, ಮತ್ತೆ ಓದಿದರು. ಬಾಯಿ ಪೂರ್ತಿ ತೆರೆದು ತಲೆ ಕೆಳಗಿಳಿದು ಕೂತ ಮೇಲೆ ಆಪರೇಷನ್ ಮಾಡಿದರೆ ಗಾಯ ಎಷ್ಟೋ ಸಲ ಗರ್ಭದ ಬಾಯಿಯ ಹತ್ತಿರಕ್ಕೇ ಬೀಳುತ್ತದೆ, ಅಂಥವರಲ್ಲಿ ಕೆಲವರಿಗೆ ಮುಂದಿನ ಬಸುರಿನಲ್ಲಿ ಅದು ಭಾರ ತಡೆಯದೆ ದಿನ ತುಂಬುವ ಮೊದಲೇ ತೆರೆದುಕೊಳ್ಳಬಹುದು ಎಂದರು. ಇದರಿಂದಲೇ ಆಯಿತು ಎಂದು ಹೇಳಲಾರೆ, ಆದರೆ ಇದು ಗೊತ್ತಿದ್ದರೆ ನಾಲ್ಕನೆಯ ತಿಂಗಳಿಂದಲೇ ಸ್ಕ್ಯಾನಿನಲ್ಲಿ ಬಾಯಿಯ ಉದ್ದ ಅಳೆಯುತ್ತಿದ್ದೆ, ಬೇಕಾದರೆ ಹೊಲಿಗೆ ಹಾಕುತ್ತಿದ್ದೆ, ನೀವು ನನಗೆ ನಿಗದಿಯಾದ ಆಪರೇಷನ್ ಎಂದು ಬರೆದುಕೊಟ್ಟಿರಿ ಎಂದರು. ದನಿ ಏರಿಸಲಿಲ್ಲ. ಶೈಲಜಾ ಕೈ ಚಾಚಿ ಹಾಳೆ ಇಸಿದುಕೊಂಡು ಓದಿದಳು.

ಹೊರಗೆ ಬೆಂಚಿನ ಮೇಲೆ ಕೂತ ಮೇಲೆ ಕೇಳಿದಳು. "ಥಿಯೇಟರ್ ಖಾಲಿ ಇರಲಿಲ್ಲ ಅಂದಿದ್ರಿ."

ನಾನು ಆಶ್ಲೇಷಾ ಎಂದೆ, ಅಮ್ಮ ಎಂದೆ, ನಾಲ್ಕು ಮೂವತ್ತೆಂಟು ಎಂದೆ. ಅವಳು ಪೂರ್ತಿ ಕೇಳಿಸಿಕೊಂಡಳು.

"ನಾನು ಕೂಗ್ತಿದ್ದದ್ದು ನಿಮಗೆ ಕೇಳಿಸ್ತಿತ್ತಾ?"

"ಕೇಳಿಸ್ತಿತ್ತು."

"ನನ್ನ ಸಹಿ ಇತ್ತಲ್ಲಾರೀ ಅದರಲ್ಲಿ" ಎಂದಳು. ಅಷ್ಟು ಹೇಳಿ ಎದ್ದು ಕೈ ತೊಳೆದುಕೊಳ್ಳಲು ಹೋದಳು.

ಮಗು ಒಂಬತ್ತು ದಿನ ಇತ್ತು. ನಮ್ಮಲ್ಲಿ ಹೆಸರಿಡುವುದು ಹನ್ನೊಂದನೆಯ ದಿನ. ಪಟ್ಟಿಯನ್ನು ಶೈಲಜಾ ಬಿಚ್ಚಿಸಿಕೊಂಡು ಇಟ್ಟುಕೊಂಡಳು. ಅಮ್ಮ ಅವಳ ಎದುರು ಬಂದು ನಿಂತು, ತಪ್ಪಾಯಿತು ಎಂದು ಅತ್ತರು. ಶೈಲಜಾ ಅವರನ್ನು ಬೈಯಲಿಲ್ಲ. "ನೀವು ಹೆದರಿದ್ರಿ ಅತ್ತೆ. ಇವರು ಹೆದರಿದ್ದಲ್ಲ" ಎಂದಳು. ಅಟ್ಟ ತೊಳೆದದ್ದು ನಾನು. ಮೂರು ಬಕೆಟ್ ನೀರು, ಫಿನಾಯಿಲು ಹಾಕಿ ಉಜ್ಜಿದರೂ ಕತ್ತರಿ ಮುಗಿಯುವವರೆಗೆ ಆ ವಾಸನೆ ಹೋಗಲಿಲ್ಲ.

ಅವಳು ಮಾಧವಿಯನ್ನು ಕರೆದುಕೊಂಡು ನಂಜನಗೂಡಿಗೆ ಹೋಗಿ ಏಳು ತಿಂಗಳು ಇದ್ದು ಬಂದಳು. ಕ್ಷಮಿಸಿದ್ದೇನೆ ಎಂದು ಹೇಳಿಲ್ಲ, ನಾನು ಕೇಳಿಯೂ ಇಲ್ಲ. ತನ್ನ ಕಾಗದಗಳು ಇನ್ನು ತನ್ನ ಹತ್ತಿರವೇ ಇರಲಿ ಎಂದು ಒಂದು ನೀಲಿ ಫೈಲು ಮಾಡಿಕೊಂಡಳು. ಮೂರು ಹಾಳೆ ಅದರಲ್ಲಿ ಮೊದಲಿಗೇ ಇವೆ. ಜಾತಕ ಎಲ್ಲಿದೆಯೋ ನನಗೆ ಗೊತ್ತಿಲ್ಲ.

ಈಗ ಮೂರನೆಯದು, ಹದಿನಾಲ್ಕು ವಾರ. ಬೇಕು ಎಂದವಳು ಅವಳೇ. ಕ್ರೋಂಪೇಟೆಯ ಈ ಕ್ಲಿನಿಕ್ಕನ್ನು ಹುಡುಕಿದವಳೂ ಅವಳೇ. ಇಂಥ ಬಸುರಿಗಳನ್ನು ನೋಡಿ ಪಳಗಿದ ಡಾಕ್ಟರು ಇಲ್ಲಿದ್ದಾರಂತೆ. ಕೌಂಟರಿನಲ್ಲಿ ಕೂತಿದ್ದ ಹೆಂಗಸು ವಾಡಿಕೆಯಂತೆ ಫಾರಂ ನನ್ನ ಕಡೆಗೆ ಚಾಚಿ, "ಸಾರ್, ಫಿಲ್ ಪಣ್ಣಿ ಕುಡುಂಗೊ" ಎಂದು ತುಂಬಿ ಕೊಡಲು ಹೇಳಿದಳು. ಶೈಲಜಾ ನಡುವೆ ಕೈ ನೀಡಿ ತೆಗೆದುಕೊಂಡು, "ನಾನೇ ಎಳುದರೇನ್" ಎಂದಳು. ಕಿಟಕಿಯ ಹತ್ತಿರದ ಕುರ್ಚಿಯಲ್ಲಿ ಕೂತು, ನೀಲಿ ಫೈಲು ತೊಡೆಯ ಮೇಲೆ ತೆರೆದಿಟ್ಟುಕೊಂಡು, ಅವಸರವಿಲ್ಲದೆ ಬರೆದಳು. ಬರೆದು ಮುಗಿಸಿ ನನ್ನ ಕೈಗೆ ಕೊಟ್ಟಳು.

"ಓದಿ. ಆಮೇಲೆ ಸಹಿ ಹಾಕಿ."

ಓದಿದೆ. ಮೊದಲ ಹೆರಿಗೆ, ತುರ್ತು ಆಪರೇಷನ್, ಬಾಯಿ ಪೂರ್ತಿ ತೆರೆದ ಮೇಲೆ. ಎರಡನೆಯದು, ಇಪ್ಪತ್ತಾರು ವಾರ, ಗಂಡು, ಒಂಬತ್ತು ದಿನ. ಮೊದಲನೆಯದರ ಎದುರು, ತಡಕ್ಕೆ ಕಾರಣ ಎಂಬಲ್ಲಿ, ಗುಂಡಗಿನ ಅಕ್ಷರದಲ್ಲಿ, "ಗಂಡ ಎರಡು ಗಂಟೆ ಹತ್ತು ನಿಮಿಷ ಸಹಿ ಹಾಕಲಿಲ್ಲ" ಎಂದು ಇಂಗ್ಲಿಷಿನಲ್ಲಿ ಬರೆದಿದ್ದಳು. ನನ್ನ ಆಫೀಸಿಗೆ ಬರುವ ಯಾವ ಕಡತದಲ್ಲೂ ಅಷ್ಟು ಸ್ಪಷ್ಟವಾದ ಪೂರ್ವಚರಿತ್ರೆ ನಾನು ಓದಿಲ್ಲ. ಪುಟದ ಕೆಳಗೆ ಅವಳ ಸಹಿ ಗೆರೆಯ ಮೇಲೆ ನೆಟ್ಟಗೆ ಕೂತಿತ್ತು. ಅದರ ಕೆಳಗೆ ಗಂಡನ ಸಹಿಗೆ ಬಿಟ್ಟ ಜಾಗ.

ಪೆನ್ನು ತೆಗೆದು ತಲೆ ಎತ್ತಿದೆ. ಅವಳು ನನ್ನನ್ನು ನೋಡುತ್ತಿರಲಿಲ್ಲ. ನಾನು ಸಹಿ ಹಾಕಿ ಮುಗಿಸುವವರೆಗೂ ಗೋಡೆಯ ಗಡಿಯಾರ ನೋಡುತ್ತಿದ್ದಳು.